ಇಟಲಿಯ ಸವಾಲಿಗೆ ಕರಜಗಿಯ ಜವಾಬು

ನಮ್ಮ ಅಡುಗೆಮನೆಯಲ್ಲಿ ಜೋಳದ ಗಡಿಗೆಯ ಮೇಲೆ ಮುಚ್ಚಿದ ಸ್ಟೀಲಿನ ತಾಟು ಈಗೀಗ ದಿನಕ್ಕೊಮ್ಮೆಯಾದರೂ ಕೆಳಗೆ ಬೀಳುತ್ತದೆ. ಇಲಿ ಹತ್ತಿದರೂ ಸಾಕು, ಬೆಕ್ಕು ಬಾಲ ತಾಗಿಸಿದರೂ ಸಾಕು, ಠಣ್ಣೆಂದು ಬಿದ್ದು ನೆಲದ ಮೇಲೆ ಗಿರಗಿರ ತಿರುಗಿ, ನಾಲ್ಕು ಮನೆಗೆ ಕೇಳುವಷ್ಟು ಸಪ್ಪಳ ಮಾಡಿ ಆಮೇಲೆ ಸುಮ್ಮನಾಗುತ್ತದೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕುಳಿತ ನನ್ನ ಹೆಂಡತಿ ಜೈತೂನಬಿ ತಿರುಗಿಯೂ ನೋಡದೆ ಕೂಗುತ್ತಾಳೆ: "ಬಿತ್ತು ನೋಡ್ರಿ ನಿಮ್ಮ ಇಟಲಿ!"

ಕನ್ನಡ ಮಾತಾಡುವ, ಆದರೆ ಮರಾಠಿ ರಾಜ್ಯಕ್ಕೆ ಸೇರಿದ ನಮ್ಮೂರು ಉಮದಿಯ ಜೋಳದ ಗಡಿಗೆಗೂ ಇಟಲಿಗೂ ಎಲ್ಲಿಯ ನಂಟು ಎಂದು ನೀವು ಕೇಳುವುದು ಸರಿಯೇ. ನಂಟು ಇದೆ. ಹೇಳುತ್ತೇನೆ. ಆದರೆ ನಾನು ಮಾಸ್ತರಿಕೆ ಮಾಡಿ ನಿವೃತ್ತನಾದವನು, ಒಂದು ಮಾತು ಹೇಳಲು ಹೋಗಿ ನಡುವೆ ಹತ್ತು ಮಾತು ಆಡುವುದು ನನ್ನ ಚಟ. ಚಹಾ ಇದ್ದರೆ ಪಕ್ಕಕ್ಕೆ ಇಟ್ಟುಕೊಳ್ಳಿ.

ಆ ಗಡಿಗೆಯ ಮೇಲೆ ಮೊದಲು ಇದ್ದದ್ದು ತಾಟಲ್ಲ, ಒಂದು ದಪ್ಪು. ದಪ್ಪು ಅಂದರೆ ಕಟ್ಟಿಗೆಯ ಬಳೆಗೆ ಒಂದೇ ಕಡೆ ಚರ್ಮ ಬಿಗಿದ ವಾದ್ಯ. ಗೀಗೀ ಹಾಡುವವರು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಬಾರಿಸುವಂಥದ್ದು. ಕವುಚಿ ಇಟ್ಟರೆ ಗಡಿಗೆಗೆ ಟೋಪಿ ಹಾಕಿದಂತೆ ಕೂಡುತ್ತಿತ್ತು. ಇಲಿಯ ಅಪ್ಪ ಬಂದರೂ ಅಲ್ಲಾಡುತ್ತಿರಲಿಲ್ಲ. ಅದು ನನ್ನ ಗೆಳೆಯ ಸಿದರಾಯನ ದಪ್ಪು.

ಸಿದರಾಯ ಹತ್ತಿರದ ಕರಜಗಿ ಊರಿನ ರೈತ, ದಾಳಿಂಬೆ ಬೆಳೆಯುತ್ತಾನೆ. ಸಣ್ಣವನಿದ್ದಾಗ ಉಮದಿಯ ಅತ್ತೆಯ ಮನೆಯಲ್ಲಿದ್ದು ನನ್ನ ಜೊತೆ ಶಾಲೆ ಕಲಿತ. ನಮ್ಮಪ್ಪ ಗಾದಿ ಮಾಡುವ ಪಿಂಜಾರ. ಬಿಲ್ಲಿನಂಥ ಉಪಕರಣದ ನರ ಮೀಟಿ ಅರಳೆ ಹಿಂಜುತ್ತಿದ್ದ. ಟಂವ್ ಟಂವ್ ಎಂಬ ಆ ನಾದ ನಮ್ಮ ಮನೆಗೆ ಬೆಳಗಿನ ಹಾಡೂ ಹೌದು, ಜೋಗುಳವೂ ಹೌದು. ಹಿಂಜಿದ ಅರಳೆ ಗಾಳಿಯಲ್ಲಿ ಹಾರಿ ಸಾರಿನಲ್ಲಿ, ರೊಟ್ಟಿಯಲ್ಲಿ, ನನ್ನ ತಲೆಯಲ್ಲಿ ಕೂಡುತ್ತಿತ್ತು. ಎಷ್ಟು ಝಾಡಿಸಿಕೊಂಡು ಹೋದರೂ ಶಾಲೆಯಲ್ಲಿ ನನ್ನ ಕೂದಲು ಬೆಳ್ಳಗೇ ಕಾಣುತ್ತಿದ್ದವು. ಹುಡುಗರು ನನ್ನನ್ನು 'ಮುದುಕ' ಎಂದು ಕರೆಯುತ್ತಿದ್ದರು. ಒಮ್ಮೆ ಹೊಸದಾಗಿ ಬಂದ ಮಾಸ್ತರರು, "ಏನಪಾ, ಪಾಲಕರು ಹೊರಗ ನಿಂದ್ರಬೇಕು" ಎಂದೂ ಅಂದಿದ್ದರು. ಸಿದರಾಯ ಒಬ್ಬನೇ ನಗದೆ, ಪ್ರಾರ್ಥನೆಗೆ ಮುಂಚೆ ನನ್ನ ತಲೆಯ ಅರಳೆ ಆರಿಸುತ್ತ ನಿಲ್ಲುತ್ತಿದ್ದ. ಆರಿಸುತ್ತಾ ಹಾಡುತ್ತಿದ್ದ. ನಮ್ಮ ಗೆಳೆತನ ಶುರುವಾದದ್ದು ಹಾಗೆ, ಮಂಗಗಳ ಹಾಗೆ.

ದೊಡ್ಡವರಾದ ಮೇಲೆ ಅವನು ಹರದೇಶಿ ಮೇಳ ಕಟ್ಟಿದ. ನಮ್ಮ ಕಡೆ ಹರದೇಶಿ-ನಾಗೇಶಿ ಎಂಬ ಹಾಡಿನ ಜಗಳ ಇದೆ. ಹರದೇಶಿಯವರು ಗಂಡು ಹೆಚ್ಚು, ಶಿವ ಹೆಚ್ಚು ಎಂದು ಹಾಡಬೇಕು. ನಾಗೇಶಿಯವರು ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಎಂದು ಹಾಡಬೇಕು. ಒಂದು ಮೇಳ ಹಾಡಿನಲ್ಲಿ ಸವಾಲು ಹಾಕಿದರೆ ಇನ್ನೊಂದು ಮೇಳ ಹಾಡಿನಲ್ಲೇ ಜವಾಬು ಕೊಡಬೇಕು. ಸಿದರಾಯ ಮುಂದೆ ನಿಂತು ದಪ್ಪು ಬಾರಿಸಿ ಹಾಡುತ್ತಿದ್ದ. ನಾನು ಹಿಂದೆ ನಿಂತು ಒಂಟಿ ತಂತಿಯ ತುಂತುಣಿ ಮೀಟುತ್ತಿದ್ದೆ. ಅಪ್ಪನ ಬಿಲ್ಲಿನ ಪುಣ್ಯ. ಸವಾಲಿನ ಪದ ಕಟ್ಟಿಕೊಡುವುದೂ ನನ್ನ ಕೆಲಸ. ಹಾಡಲು ಮಾತ್ರ ಯಾರೂ ನನ್ನನ್ನು ಕರೆಯುತ್ತಿರಲಿಲ್ಲ. ಒಮ್ಮೆ ಕರೆದಾಗ ಮುಂದೆ ಕುಳಿತ ಜನರಿಗೆಲ್ಲ ಒಟ್ಟಿಗೇ ನೀರಡಿಕೆಯಾಯಿತು.

ಈ ಆಟಕ್ಕೆ ಒಂದು ಕಟ್ಟಳೆ ಇದೆ, ಅದನ್ನು ನೀವು ನೆನಪಿಡಬೇಕು. ಜವಾಬು ಹೊಳೆಯದ ಮೇಳ ದಪ್ಪನ್ನು ನೆಲಕ್ಕೆ ಇಡುತ್ತದೆ. ಇಟ್ಟಿತು ಅಂದರೆ ಸೋತಿತು. ಆಗ ಸವಾಲು ಹಾಕಿದವರೇ ಎದ್ದು ಜವಾಬು ಹಾಡಬೇಕು. ಅಂದರೆ ಕೇಳಿದವನ ಹತ್ತಿರ ಉತ್ತರ ಇರಲೇಬೇಕು. ಇಲ್ಲದೆ ಕೇಳುವ ಹಾಗಿಲ್ಲ. ಮುಚ್ಚಂಡಿಯಲ್ಲಿ ಒಂದು ಸಲ ಎದುರಿನ ಮೇಳ ಭಾರೀ ಸವಾಲು ಹಾಕಿತು. ನಾವು ದಪ್ಪು ಇಟ್ಟೆವು. ಅವರ ಹಾಡುಗಾರ ತನ್ನ ಕವಿಯ ಕಡೆ ನೋಡಿದ, ಕವಿ ಮುಗಿಲು ನೋಡಿದ, ಮುಗಿಲಲ್ಲಿ ಏನೂ ಬರೆದಿರಲಿಲ್ಲ. ಜನ ಹೋ ಎಂದು ನಕ್ಕು, ಅವರಿಗೆ ಹಾಕಿದ ಹಾರ ತೆಗೆಸಿ ನಮಗೆ ಹಾಕಿಸಿದರು. ಸೋತವರಿಗೆ ಹಾರ ಬಿದ್ದದ್ದು ಅದೊಂದೇ ಸಲ.

ಹೋದ ವರ್ಷ ಸಿದರಾಯನ ಹೆಂಡತಿ ಗಂಗವ್ವ ತೀರಿಕೊಂಡಳು. ಮಣ್ಣು ಮಾಡಿ, ಎಲ್ಲ ಮುಗಿದ ಮೇಲೆ ಒಂದು ದಿನ ಸಿದರಾಯ ಬಸ್ಸು ಹತ್ತಿ ಉಮದಿಗೆ ಬಂದ. ಚಹಾ ಕುಡಿಯಲಿಲ್ಲ. ಕಂಕುಳಲ್ಲಿದ್ದ ದಪ್ಪನ್ನು ತೆಗೆದು ನಮ್ಮ ಪಡಸಾಲೆಯ ನೆಲದ ಮೇಲೆ ಇಟ್ಟ. "ಇಟ್ಕೊ ಮಾಸ್ತರ. ನನಗಿನ್ನ ಬ್ಯಾಡ" ಎಂದ. ಅಷ್ಟೇ. ಆಮೇಲೆ ನಾನು ಫೋನು ಮಾಡಿದರೆ "ಹ್ಞೂ", "ಹ್ಞಾ", "ಇದ್ದೀನಿ", ಇಷ್ಟರಲ್ಲಿ ಮಾತು ಮುಗಿಯುತ್ತಿತ್ತು. ನನಗೆ ಗೆಳೆಯರು ಬಹಳ ಮಂದಿ ಇಲ್ಲ. ಇರುವವನೊಬ್ಬ ಮಾತು ನಿಲ್ಲಿಸಿದರೆ ಮನೆಯ ಒಂದು ಕಿಟಕಿ ಮುಚ್ಚಿದಂತೆ ಆಗುತ್ತದೆ. ಅವನು ಇನ್ನು ಹಾಡುವುದೇ ಇಲ್ಲವೇನೋ ಎಂಬ ಭಯ ನನ್ನನ್ನು ಒಳಗೇ ತಿನ್ನುತ್ತಿತ್ತು. ದಪ್ಪು ಕಂಡಾಗಲೆಲ್ಲ ಅವನಿಗೆ ಮತ್ತೆ ಫೋನು ಹಚ್ಚುತ್ತಿದ್ದೆ. ಅದಕ್ಕೇ ಇರಬೇಕು, ಜೈತೂನಬಿ ಅದನ್ನು ನನ್ನ ಕಣ್ಣಿಗೆ ಬೀಳದಂತೆ ಒಳಗೆ ಒಯ್ದು ಗಡಿಗೆಯ ಮೇಲೆ ಕವುಚಿದಳು.

ಈಗ ಇಟಲಿ.

ನಿವೃತ್ತನಾದ ಮೇಲೆ ನಾನು ಮನೆಯಲ್ಲೇ ಮಾಸ್ತರಿಕೆ ಶುರು ಮಾಡಿದ್ದೆ. ಈರುಳ್ಳಿ ಹೆಚ್ಚುವುದು ಹೇಗೆ, ಬಟ್ಟೆ ಒಣಹಾಕುವುದು ಹೇಗೆ, ಎಲ್ಲದಕ್ಕೂ ಪಾಠ. ಜೈತೂನಬಿ ಸಾಮಾನ್ಯವಾಗಿ ನನ್ನ ಜೊತೆ ದಖ್ಖನಿ, ಅಂದರೆ ನಮ್ಮ ಕಡೆಯ ಉರ್ದು, ಮಾತಾಡುತ್ತಾಳೆ, ಸಿಟ್ಟು ಬಂದರೆ ಕನ್ನಡಕ್ಕೆ ಬರುತ್ತಾಳೆ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಬರೀ ಕನ್ನಡ. ಕಡೆಗೆ ಆಕೆ ಮಿರಜದಲ್ಲಿರುವ ಮಗಳಿಗೆ ಫೋನು ಮಾಡಿ, "ನಿಮ್ಮ ಅಬ್ಬಾಗ ಏನರ ಕೆಲಸ ಹಚ್ಚವಾ, ಇಲ್ಲಂದ್ರ ನಾ ನಿನ್ನ ಮನಿಗಿ ಬರ್ತೀನಿ" ಎಂದಳು. ಮಗಳು ಗಾಬರಿಯಾಗಿ ನನ್ನನ್ನು ಫೋನಿನಲ್ಲೇ ನಡೆಯುವ ಒಂದು ತರಗತಿಗೆ ಸೇರಿಸಿದಳು. ಪ್ರತಿ ರವಿವಾರ ಮುಂಜಾನೆ. ಪುಣೆಯ ಕಡೆಯ ನಿವೃತ್ತ ಪ್ರಾಧ್ಯಾಪಕಿಯೊಬ್ಬರು ಮರಾಠಿಯಲ್ಲಿ ಹೇಳುವ ಪಾಠ. ವಿಷಯ: ಇಟಲಿಯ ಆದಿಕಾಲದ ಸಾಹಿತ್ಯದ ಮೂಲಕ ಬದುಕಿನ ಮೂಲ ಪ್ರಶ್ನೆಗಳು.

ಬದುಕಿನ ಪ್ರಶ್ನೆ ಅಂದರೆ ನನಗೇನು ಹೆದರಿಕೆ? ಜನ್ಮವಿಡೀ ಪ್ರಶ್ನೆಪತ್ರಿಕೆ ತೆಗೆದವನು ನಾನು. ಒಗೆದ ಅಂಗಿ ತೊಟ್ಟು, ಕೂದಲು ಬಾಚಿ, ಫೋನನ್ನು ಡಬ್ಬಿಗೆ ಆನಿಸಿ ಕುಳಿತೆ. ಮೊದಲ ರವಿವಾರ ಬಾಯಿಯವರಿಗೆ (ಪಾಠ ಹೇಳುವ ಹೆಣ್ಣುಮಕ್ಕಳನ್ನು ನಾವು ಮರಾಠಿಯ ರೂಢಿಯಂತೆ 'ಬಾಯಿ' ಎನ್ನುತ್ತೇವೆ) ನನ್ನ ಮುಖದ ಬದಲು ನಮ್ಮ ಮನೆಯ ಜಂತಿ ಮಾತ್ರ ಕಾಣಿಸುತ್ತಿತ್ತಂತೆ. ಗೌರವದಿಂದ ಅವರು ಜಂತಿಗೇ ನಮಸ್ಕಾರ ಮಾಡಿದರು.

ನಿಜ ಹೇಳುತ್ತೇನೆ, ಆ ಪಾಠಗಳು ನನಗೆ ಹುಚ್ಚು ಹಿಡಿಸಿದವು. ಆ ಕಾಲದಲ್ಲಿ, ಅಂದರೆ ಏಳೆಂಟು ನೂರು ವರ್ಷದ ಹಿಂದೆ, ಅಲ್ಲಿ ಓದು-ಬರಹ, ಪೂಜೆ, ಕೋರ್ಟು-ಕಚೇರಿ ಎಲ್ಲ ಲ್ಯಾಟಿನ್ ಭಾಷೆಯಲ್ಲಂತೆ. ಕೆಲವರು ಮಾತ್ರ, ಅವ್ವ ಬೈಯುವ ಭಾಷೆಯಲ್ಲೇ ದೇವರ ಬಗ್ಗೆ, ಪ್ರೀತಿಯ ಬಗ್ಗೆ, ಸಾವಿನ ಬಗ್ಗೆ ಬರೆಯುತ್ತೇವೆ ಎಂದು ಹೊರಟರು. ನನಗೆ ಅವರು ಪಕ್ಕದ ಊರಿನವರು ಎನಿಸಿಬಿಟ್ಟರು. ರಜೆಯ ಅರ್ಜಿ ಮರಾಠಿಯಲ್ಲಿ ಬರೆದು, ಪಾಠ ಕನ್ನಡದಲ್ಲಿ ಹೇಳಿ, ಮನೆಗೆ ಬಂದು ದಖ್ಖನಿಯಲ್ಲಿ ಬೈಸಿಕೊಂಡವನಿಗೆ ಇದು ಬೇರೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ. ಅಲ್ಲಿ ಊರು ತುಂಬ ಆಲಿವ್ ಗಿಡಗಳಂತೆ. ಆಲಿವ್‌ಗೆ ನಮ್ಮಲ್ಲಿ ಜೈತೂನ್ ಎನ್ನುತ್ತಾರೆ. "ನೋಡು, ಅಲ್ಲಿ ಗುಡ್ಡದ ತುಂಬ ನೀನೇ" ಎಂದು ಹೆಂಡತಿಗೆ ಹೇಳಿದೆ. "ಅಲ್ಲೂ ನಾನೇ ದುಡೀಬೇಕೇನ್ರಿ?" ಎಂದಳು.

ಒಂದು ರವಿವಾರ ಬಾಯಿಯವರು ಹೇಳಿದ್ದು ಕೇಳಿ ನಾನು ಕುಳಿತಲ್ಲಿಂದ ಎದ್ದುನಿಂತೆ. ಮತ್ತೆ ಅವರಿಗೆ ಜಂತಿ ಕಂಡಿರಬೇಕು. ಆ ಕವಿಗಳಲ್ಲಿ ಒಂದು ಪದ್ಧತಿ ಇತ್ತಂತೆ. ಪ್ರೀತಿ ಅಂದರೇನು, ಅದು ಎಲ್ಲಿಂದ ಬರುತ್ತದೆ ಎಂಬಂಥ ಪ್ರಶ್ನೆಯನ್ನು ಒಬ್ಬ ಕವಿ ಸಣ್ಣ ಪದ್ಯ ಮಾಡಿ ಇನ್ನೊಬ್ಬನಿಗೆ ಕಳಿಸುತ್ತಿದ್ದ. ಅವನು ಅದೇ ಪ್ರಾಸ ಹಿಡಿದು ಉತ್ತರ ಕಳಿಸುತ್ತಿದ್ದ.

"ಬಾಯಿ, ಇದು ನಮ್ಮ ಸವಾಲ್-ಜವಾಬ್!" ಎಂದು ಕೂಗಿದೆ.

ಬಾಯಿಯವರಿಗೆ ಬಹಳ ಖುಷಿಯಾಯಿತು. ನಮ್ಮ ಮೇಳದ ಕತೆ ಪೂರ್ತಿ ಕೇಳಿದರು. ಕೇಳಿ, ಎಲ್ಲರಿಗೂ ಮನೆಗೆಲಸ ಕೊಟ್ಟರು: ನಿಮ್ಮ ಮನಸ್ಸಿನಲ್ಲಿರುವ ಒಂದು ಪ್ರಶ್ನೆಯನ್ನು ಪದ್ಯ ಮಾಡಿ ನಿಮ್ಮ ಆಪ್ತ ಗೆಳೆಯರೊಬ್ಬರಿಗೆ ಕಳಿಸಿ, ಉತ್ತರ ತನ್ನಿ.

ನನ್ನ ಆಪ್ತ ಗೆಳೆಯ ಯಾರು ಎಂದು ಯೋಚಿಸುವ ಅಗತ್ಯವಿರಲಿಲ್ಲ. ನನ್ನ ಮನಸ್ಸಿನಲ್ಲಿದ್ದ ಪ್ರಶ್ನೆಯೂ ಗಂಗವ್ವ ಹೋದಾಗಿನಿಂದ ಒಂದೇ. ಮಾಳಿಗೆ ಹತ್ತಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಹಳೇ ಧಾಟಿಯಲ್ಲಿ ಫೋನಿನೊಳಗೆ ಹಾಡಿದೆ.

ಸಂಜಿ ಆದ್ರ ಹಕ್ಕಿ ಹಾರಿ ಗೂಡ ಸೇರತೈತೊ
ಮಳಿಯ ನೀರು ಹಳ್ಳ ಹಿಡಿದು ಹೊಳಿಯ ಸೇರತೈತೊ
ಒಲಿಯ ಹೊಗಿ ಬೆಳಕಿಂಡಿ ದಾಟಿ ಮುಗಿಲ ಸೇರತೈತೊ
ಹ್ವಾದ ಜೀವ ಯಾವ ದಾರಿ, ಎಲ್ಲಿ ಸೇರತೈತೊ?

ಇಟಲಿಯ ಪುಸ್ತಕದ ಪಾಠ ಕೇಳುತ್ತಿದ್ದೇನೆ ಎಂದೂ ಸೇರಿಸಿ ಕಳಿಸಿದೆ. ಪಕ್ಕದ ಮಾಳಿಗೆಯ ಪಾರಿವಾಳಗಳು ಹಾರಿಹೋದವು, ಅದು ಬೇರೆ ಮಾತು. ಸಿದರಾಯ ಕೇಳಿದ ಎಂದು ಫೋನು ತೋರಿಸಿತು. ಉತ್ತರ ಬರಲಿಲ್ಲ. ಮರುದಿನವೂ ಬರಲಿಲ್ಲ. ಹುಣ್ಣಿಗೆ ಕೈ ಹಾಕಿದೆನೇನೋ ಎಂದು ನಾನು ಊಟ ಬಿಡುವುದರಲ್ಲಿದ್ದೆ. ಆಗ ಒಂದು ಮುಂಜಾನೆ ಅವನ ದನಿ ಬಂತು. ಹಾಡಲ್ಲ, ಮಾತು.

"ಮಾಸ್ತರ, ನಿನ್ನ ಸವಾಲು ಕೇಳಿದೆ. ವರ್ಷಾತು, ನಾನೂ ಅದನ್ನಽ ಕೇಳ್ಕೋತ ಕುಂತೀನಿ. ಯಾರೂ ಹೇಳವಲ್ಲರು. ನಾ ದಪ್ಪ ಯಾವಾಗ್ಲೋ ಕೆಳಗ ಇಟ್ಟೀನಿ, ನಿನಗ ಗೊತ್ತೈತಿ. ಈಗ ಜವಾಬ ನೀ ಹೇಳಬೇಕು. ಸಂತಿ ದಿನ ಬಸ್ಸಿಗಿ ಬರ್ತೀನಿ."

ನಾನು ಮಾಡಿದ ಎಡವಟ್ಟು ಆಗ ಹೊಳೆಯಿತು. ಪ್ರಶ್ನೆ ಕೇಳಿದ್ದು ಇಟಲಿಯ ಪದ್ಧತಿಯಲ್ಲಿ, ಆದರೆ ಹಾಡಿದ್ದು ಹರದೇಶಿಯ ಧಾಟಿಯಲ್ಲಿ. ಸಿದರಾಯ ನಮ್ಮ ಕಟ್ಟಳೆಯನ್ನೇ ನಂಬಿದ್ದ. ಮಾಸ್ತರ ಕೇಳಿದಾನೆ ಅಂದರೆ ಮಾಸ್ತರನ ಹತ್ತಿರ ಉತ್ತರ ಇದೆ. ಯಾವುದೋ ದೇಶದ ದೊಡ್ಡ ಪುಸ್ತಕ ಓದಿ ಗಂಗವ್ವ ಎಲ್ಲಿದ್ದಾಳೆಂದು ತಿಳಿದುಕೊಂಡಿದ್ದಾನೆ ಎಂದು ಅವನು ಬಸ್ಸು ಹತ್ತಿ ಬರುತ್ತಿದ್ದ.

ಬಾಯಿಯವರಿಗೆ ಫೋನು ಹಚ್ಚಿದೆ. "ಬಾಯಿ, ಆ ಕವಿಗಳು ಕಡೆಗೆ ಏನು ಉತ್ತರ ಕೊಟ್ಟರು? ಸತ್ತವರು ಎಲ್ಲಿಗೆ ಹೋಗುತ್ತಾರೆ? ಸಂತೆಯ ದಿನದೊಳಗೆ ಬೇಕಿತ್ತು."

"ಸರ್, ಸ್ವರ್ಗ ನರಕಗಳ ವರ್ಣನೆ ಬೇಕಾದಷ್ಟಿದೆ. ಆದರೆ ಗೊತ್ತಿದ್ದವರು ಯಾರು? ಗೊತ್ತಿಲ್ಲದ್ದಕ್ಕೇ ಒಬ್ಬರಿಗೊಬ್ಬರು ಬರೆದುಕೊಂಡರು. ತಾನು ಕೇಳುವುದನ್ನು ಅವನಾದರೂ ತಿಳಿದಾನು ಎಂಬ ನಂಬಿಕೆ ಇದ್ದವನಿಗೇ ಬರೆದರು" ಎಂದರು ಬಾಯಿಯವರು. ಒಳ್ಳೆಯ ಮಾತೇ. ಆದರೆ ಒಳ್ಳೆಯ ಮಾತು ಕೊಟ್ಟರೆ ಸಿದರಾಯ ಒಪ್ಪುತ್ತಾನೆಯೆ?

ಜೈತೂನಬಿ ಶುದ್ಧ ಕನ್ನಡದಲ್ಲಿ ವಿಚಾರಣೆಗೆ ನಿಂತಳು. "ಅಲ್ರೀ, ಹೇಣ್ತಿ ಕಳಕೊಂಡ ಮನಷ್ಯಾಗ ಇಂಥಾ ಪ್ರಶ್ನಿ ಕೇಳೂದಽ? ಈಗ ಅಣ್ಣ ಬಂದ್ರ ಏನ ಹೇಳತೀರಿ?"

"ಅದನ್ನಽ ವಿಚಾರ ಮಾಡಾಕ ಹತ್ತೀನಿ."

"ಗೊತ್ತಿಲ್ಲ ಅಂತ ಹೇಳ್ರಿ. ಜನ್ಮದಾಗ ಒಮ್ಮಿ ಹೇಳ್ರಿ."

ಸಾಲಿ ಮಾಸ್ತರನಿಗೆ ಇದಕ್ಕಿಂತ ಕಠಿಣ ಶಿಕ್ಷೆ ಇಲ್ಲ. ಖರೇ ಹೇಳಬೇಕೆಂದರೆ, ಉತ್ತರ ಗೊತ್ತಿಲ್ಲದಾಗ "ಇದನ್ನು ನಾಳೆ ನೀವೇ ಹುಡುಕಿಕೊಂಡು ಬರ್ರಿ" ಎಂದು ಮಕ್ಕಳಿಗೆ ಹೇಳಿಯೇ ನಾನು ನಿವೃತ್ತಿಯವರೆಗೆ ಬಂದದ್ದು.

ಸಂತೆಯ ದಿನ ಸಿದರಾಯ ಬಂದ. ಚೀಲದಲ್ಲಿ ದಾಳಿಂಬೆ ತಂದಿದ್ದ. ಗಡ್ಡ ಬೋಳಿಸಿದ್ದ, ರುಮಾಲು ಹೊಸದು. ಉತ್ತರ ಸಿಕ್ಕೇ ಸಿಗುತ್ತದೆ ಎಂದೇ ಹೀಗೆ ತಯಾರಾಗಿ ಬಂದಿದ್ದ.

"ಬರ್ರಿ ಅಣ್ಣಾ, ಕುಂದ್ರಿ" ಎಂದು ಜೈತೂನಬಿ ಚಹಾ ತಂದಳು. ಈ ಸಲ ಕುಡಿದ. ಕಪ್ಪು ಕೆಳಗಿಟ್ಟು ನನ್ನ ಕಡೆ ತಿರುಗಿ ಕುಳಿತ.

"ಹೇಳು."

"ಸಿದರಾಯ…" ಎಂದೆ. ಕಟ್ಟಿಟ್ಟುಕೊಂಡ ಮಾತುಗಳೆಲ್ಲ ಅರಳೆಯಂತೆ ಹಾರಿಹೋದವು. "ನನಗ ಗೊತ್ತಿಲ್ಲೋ."

"ಅಂದ್ರ?"

"ಗೊತ್ತಿಲ್ಲ ಅಂದ್ರ ಗೊತ್ತಿಲ್ಲ."

ಅವನ ಮುಖ ಕೆಂಪಾಯಿತು. "ಜವಾಬ ಇಲ್ಲದಽ ಸವಾಲ ಹಾಕಿದಿ? ಮುಚ್ಚಂಡ್ಯಾಗ ಆ ಮೇಳದವರಿಗಿ ಏನ ಆತು, ಮರತಿಯೇನು? ನಾ ಎಷ್ಟು ಆಸೆ ಇಟ್ಕೊಂಡು ಬಂದೀನಿ!"

"ಅದು ನಮ್ಮ ಕಟ್ಟಳಿ. ನಾ ಕೇಳಿದ್ದು ಇಟಲಿ ಕಟ್ಟಳಿ. ಅಲ್ಲಿ, ತನಗ ತಿಳೀಲಾರದ್ದನ್ನ ತಿಳದಾವಗ ಕೇಳತಾರ. ನನಕಿಂತ ಮೊದಲ ಆ ಪ್ರಶ್ನಿ ನಿನ್ನ ಮನಿಗಿ ಬಂತು. ಅದಕ್ಕ ನಿನಗ ಕೇಳಿದೆ. ಬ್ಯಾರೆ ಯಾರಿಗಿ ಕೇಳ್ಲಿ?"

ಸಿದರಾಯ ರುಮಾಲು ಸರಿಮಾಡಿಕೊಂಡ. ನನ್ನ ಗೆಳೆಯ ಈಗ ಎದ್ದು ಹೋದರೆ ಮತ್ತೆ ಬರುವುದಿಲ್ಲ ಎಂದು ನನಗೆ ಖಾತ್ರಿಯಿತ್ತು. ಚಪ್ಪಲಿ ಎಲ್ಲಿವೆ ಎಂದು ಅವನು ಬಾಗಿಲ ಕಡೆ ನೋಡಿದ. ನೋಡಿದವನು ಅಲ್ಲೇ ನೋಡುತ್ತ ಉಳಿದ. ಆಮೇಲೆ ಬಾಗಿಲಿಗೇ ಹೇಳುವವನಂತೆ ಹೇಳಿದ:

"ಹಾಡಾಕ ಹೋಗಿ ಎರಡ ಮೂರ ದಿನಕ್ಕ ಮನಿಗಿ ಬಂದ್ರ, ಆಕಿ ಹಿಂಗಽ ಬಾಗಿಲದಾಗ ನಿಂತಿರ್ತಿದ್ದಳು. ಸೊಂಟದ ಮ್ಯಾಲ ಕೈ. 'ಎಲ್ಲಿ ಹೋಗಿದ್ರಿ?' ಅಂತಿದ್ದಳು. ನಾ 'ಇಲ್ಲೇ' ಅಂತಿದ್ದೆ. ಒಂದಿನಾನೂ ಸುದ್ದ ಜವಾಬ ಹೇಳಲಿಲ್ಲ. ಈಗ ನಾ ಕೇಳತೀನಿ, ದಿನಾ ಕೇಳತೀನಿ, ಎಲ್ಲಿ ಹೋಗೀದಿ ಅಂತ. ಆಕಿ ಹೇಳವಲ್ಲಳು."

ಹೇಳುತ್ತಲೇ ಅವನ ಮೀಸೆಯೊಳಗೆ ಏನೋ ಅಲ್ಲಾಡಿತು. ಅಳುತ್ತಾನೆ ಎಂದುಕೊಂಡೆ. ನಕ್ಕ. "ಎಂಥಾ ಸವಾಲ ಹಾಕಿ ಹ್ವಾದಳಲ್ಲೋ ಮಾಸ್ತರ! ನಾಗೇಶಿಯಾಕಿ ಗೆದ್ದಳು!"

ನಾನೂ ನಕ್ಕೆ. ನಗುತ್ತ ಕಣ್ಣೊರೆಸಿಕೊಂಡೆ. ಒಳಗಿಂದಲೂ ನಗು ಕೇಳಿತು. ಸಿದರಾಯ ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದುದನ್ನು ನಾನು ನೋಡಿದೆ, ಅವನಿಗೇ ಗೊತ್ತಾಗಿರಲಿಲ್ಲ. ತುಟಿಯಲ್ಲಿ ಏನೋ ಕಟ್ಟುತ್ತಿದ್ದ. ಇದ್ದಕ್ಕಿದ್ದಂತೆ ತಲೆ ಎತ್ತಿದ.

"ನನ್ನ ದಪ್ಪ ಎಲ್ಲೈತಿ?"

ನಾನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ ಜೈತೂನಬಿಯ ಕಡೆ ನೋಡಿದೆ, ಜೈತೂನಬಿ ಜಂತಿಯ ಕಡೆ ನೋಡಿದಳು. ಅವನು ತಾನೇ ಎದ್ದು ಒಳಗೆ ಹೋದ.

"ವೈನೀ! ನನ್ನ ದಪ್ಪ ಜ್ವಾಳದ ಗಡಿಗಿ ಮ್ಯಾಲ?"

"ಸುಮ್ಮ ಕುಂದ್ರೂದಕಿಂತ ಚಲೋ ಅಲ್ಲೇನ್ರಿ ಅಣ್ಣಾ" ಎಂದಳು ಆಕೆ, ಒಂದಿಷ್ಟೂ ಅಳುಕದೆ. "ಇಲಿ ಕಾಯ್ಕೋತ ಇತ್ತು. ನಿಮ್ಮಂಗ ಕೈ ಕಟ್ಟಿ ಕುಂತಿರಲಿಲ್ಲ."

ಸಿದರಾಯ ದಪ್ಪಿನ ಹಿಟ್ಟು ಒರೆಸಿದ. ಬೆರಳಿನಿಂದ ಬಡಿದರೆ ಬದ್ ಬದ್ ಎಂದಿತು, ಚರ್ಮ ಸಡಿಲಾಗಿತ್ತು. ಜೈತೂನಬಿಯ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ರೊಟ್ಟಿ ಸುಡುವವನಂತೆ ಅದನ್ನು ಬೆಂಕಿಗೆ ಹಿಡಿದು ತಿರುಗಿಸಿ ತಿರುಗಿಸಿ ಕಾಯಿಸಿದ. ಚರ್ಮ ಬಿಗಿಯಾಯಿತು. ಒಂದು ಪೆಟ್ಟು ಹಾಕಿದ. ಆ ನಾದಕ್ಕೆ ನನ್ನ ಮೈ ಝುಮ್ಮೆಂದಿತು. ಅಲ್ಲೇ, ಒಲೆಯ ಮುಂದೆಯೇ, ನನ್ನ ಪ್ರಾಸವನ್ನೇ ಹಿಡಿದು ಹಾಡಿದ.

ಮಜ್ಜಿಗ್ಯಾಗ ಬಿದ್ದ ಉಪ್ಪು ಮಜ್ಜಿಗಿ ಸೇರತೈತೊ
ಬಾವಿಯೊಳಗ ಕೂಗಿದ ಕೂಗು ಗ್ವಾಡಿ ಸೇರತೈತೊ
ಬೈದು ಬೈದು ಬೆಳಸಿದ ಜೀವ ಉಸರ ಸೇರತೈತೊ
'ಎಲ್ಲಿ ಹೋಗಿದ್ರಿ' ಅಂದಾಕಿ ಸೊಲ್ಲ ನನ್ನ ಬಾಯಿ ಸೇರತೈತೊ!

ನನ್ನ ತುಂತುಣಿ ಅಟ್ಟದ ಮೇಲೆಲ್ಲೋ ಇತ್ತು. ಬಾಯಿಯಿಂದಲೇ ಟಂವ್ ಟಂವ್ ಎಂದೆ. ಸಂತೆಗೆ ಹೊರಟ ಹೆಂಗಸರು ಬಾಗಿಲಲ್ಲಿ ನಿಂತರು. ಇದು ಸತ್ತವರು ಎಲ್ಲಿಗೆ ಹೋಗುತ್ತಾರೆ ಎಂಬುದಕ್ಕೆ ಸರಿಯಾದ ಉತ್ತರವೇ? ನನಗೆ ಗೊತ್ತಿಲ್ಲ. (ನೋಡಿದಿರಾ, ಈಗ ಎಷ್ಟು ಸಲೀಸಾಗಿ ಅನ್ನುತ್ತೇನೆ.) ಆದರೆ ಗಂಗವ್ವ ಆ ಹೊತ್ತು ನಮ್ಮ ಅಡುಗೆಮನೆಗೆ ಬಂದಿದ್ದಳು, ಅದರಲ್ಲಿ ನನಗೆ ಅನುಮಾನವಿಲ್ಲ.

ದಪ್ಪು ಕಂಕುಳಲ್ಲಿ ಇಟ್ಟುಕೊಂಡೇ ಸಿದರಾಯ ಬಸ್ಸು ಹತ್ತಿದ. ಬರಿದಾದ ಗಡಿಗೆಯ ಬಾಯಿಗೆ ಜೈತೂನಬಿ ಸ್ಟೀಲಿನ ತಾಟು ಮುಚ್ಚಿದಳು. ಈಗ ರವಿವಾರ ಮುಂಜಾನೆ ನಾನು ಕರಜಗಿಗೆ ಹೋಗುತ್ತೇನೆ. ಅವನ ದಾಳಿಂಬೆ ತೋಟದಲ್ಲಿ ಕುಳಿತು ಇಬ್ಬರೂ ಪಾಠ ಕೇಳುತ್ತೇವೆ. ಬಾಯಿಯವರು ಅವನ ಜವಾಬನ್ನು ನನ್ನಿಂದ ಮರಾಠಿಯಲ್ಲಿ ಹೇಳಿಸಿ ಎರಡು ಸಲ ಕೇಳಿದರು. ತಡವಾಗಿ ಬಂದು ಸೇರಿದ ಒಬ್ಬರು ಕೇಳಿದರು, "ಇವರು ಇಟಲಿಯ ಯಾವ ಭಾಗದ ಕವಿ?" ಎಂದು. ಸಿದರಾಯ ಫೋನಿಗೆ ಬಾಯಿ ಹಚ್ಚಿ, ಗಂಭೀರವಾಗಿ, "ಕರಜಗಿ" ಎಂದ.

ಪಾಠ ಮುಗಿದ ಮೇಲೆ ಹಾಡು, ಹಾಡು ಮುಗಿದ ಮೇಲೆ ಊಟ, ಊಟವಾದ ಮೇಲೆ ಬಸ್ಸು ತಪ್ಪುತ್ತದೆ. ಹೋದ ರವಿವಾರ ನಾನು ಮನೆಗೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಒಳಗೆ ತಾಟು ಠಣ್ಣೆಂದು ಬಿತ್ತು. ಜೈತೂನಬಿ ಬಾಗಿಲಲ್ಲಿ ನಿಂತಿದ್ದಳು. ಸೊಂಟದ ಮೇಲೆ ಕೈ.

"ಎಲ್ಲಿ ಹೋಗಿದ್ರಿ?"

'ಇಲ್ಲೇ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಚಪ್ಪಲಿ ಬಿಟ್ಟು ಹೊಸ್ತಿಲ ಮೇಲೆ ಕುಳಿತು, ಬಸ್ ಸ್ಟ್ಯಾಂಡಿನಲ್ಲಿ ಕುಡಿದ ಚಹಾದಿಂದ ಹಿಡಿದು, ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರ ಊರು, ತೋಟದ ಹೂವು, ಇಟಲಿಯ ಪಾಠ, ಸಿದರಾಯನ ಹೊಸ ಪದ, ಊಟಕ್ಕೆ ಇದ್ದ ಬದನೆಕಾಯಿಯವರೆಗೆ ಒಂದನ್ನೂ ಬಿಡದೆ ಹೇಳತೊಡಗಿದೆ. ಜೈತೂನಬಿ ಮೊದಲು ನಿಂತು ಕೇಳಿದಳು, ಆಮೇಲೆ ಗೋಡೆಗೆ ಆತುಕೊಂಡು ಕೇಳಿದಳು, ಕಡೆಗೆ ನನ್ನ ಪಕ್ಕದಲ್ಲಿ ಹೊಸ್ತಿಲ ಮೇಲೆ ಕುಳಿತಳು.

"ಬಸ್, ಬಸ್. ಚುಪ್ ಬೈಠೋ ಜೀ" ಎಂದಳು. ಸಾಕು, ಸುಮ್ಮನೆ ಕೂಡ್ರಿ ಎಂದು, ದಖ್ಖನಿಯಲ್ಲಿ.